ಅನುವಾದದ ಪುಸ್ತಕ ಎತ್ತಿಕೊಂಡಾಗ ಮೊದಲು ಯಾರ ಹೆಸರು ನೋಡ್ತೀರಿ?

ಇವತ್ತಿನ ಎಪಿಸೋಡ್ ಅನುವಾದಿತ ಕಥೆ, ಕಾದಂಬರಿಗಳ ಬಗ್ಗೆ.

ಅನುವಾದ ಅಂದ ತಕ್ಷಣ ಒಂದು ಮಾತು ಬಂದೇ ಬರುತ್ತೆ: "ಏನೇ ಹೇಳಿ, ಮೂಲದ ರುಚಿ ಸಿಗಲ್ಲ." ನನಗನ್ನಿಸೋದು, ಸಿಗುತ್ತೋ ಇಲ್ಲವೋ ಅನ್ನೋದು ಅನುವಾದ ಯಾರ ಕೈಯಲ್ಲಿ ಆಗಿದೆ ಅನ್ನೋದರ ಮೇಲಿದೆ. ಅದಕ್ಕೇ ನಾನು ಪುಸ್ತಕ ಆರಿಸುವಾಗ ಲೇಖಕರ ಹೆಸರಿನಷ್ಟೇ ಅನುವಾದಕರ ಹೆಸರನ್ನೂ ನೋಡ್ತೀನಿ.

ನಿಮಗೆಲ್ಲ ಗೊತ್ತಿರೋ ಉದಾಹರಣೆಯಿಂದ ಶುರು ಮಾಡೋಣ. 2025ರ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'ಗೆ ಬಂತು. 12 ಕಥೆಗಳ ಸಂಕಲನ ಅದು. ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ಪ್ರಶಸ್ತಿಯ 50,000 ಪೌಂಡನ್ನು ಲೇಖಕಿ ಮತ್ತು ಅನುವಾದಕಿಗೆ ಸರಿಸಮ ಹಂಚಿದ್ರು. ಇದು ಔದಾರ್ಯ ಅಲ್ಲ, ಆ ಪ್ರಶಸ್ತಿಯ ನಿಯಮವೇ ಹಾಗಿದೆ. ಯಾಕೆ ಅಂತ ಶೀರ್ಷಿಕೆಯಲ್ಲೇ ಕಾಣುತ್ತೆ. ಕನ್ನಡದಲ್ಲಿ ಅದು 'ಎದೆಯ ಹಣತೆ'. ಹಣತೆ ಅಂದ್ರೆ ನಮಗೆ ಮಣ್ಣು, ಎಣ್ಣೆ, ಬತ್ತಿ ಎಲ್ಲಾ ನೆನಪಾಗುತ್ತೆ. 'ಲ್ಯಾಂಪ್' ಅಂದ್ರೆ ಅಷ್ಟೆಲ್ಲ ಬರಲ್ಲ, ನಿಜ. ಆದರೆ ದೀಪಾ ಅವರು ಇಡೀ ಪುಸ್ತಕದಲ್ಲಿ ಕನ್ನಡ, ಉರ್ದು, ಅರೇಬಿಕ್ ಪದಗಳನ್ನು ಹಾಗೇ ಉಳಿಸಿಕೊಂಡಿದ್ದಾರೆ. ಅವುಗಳನ್ನು ಓರೆ ಅಕ್ಷರದಲ್ಲಿ ಬೇರೆ ಮಾಡಿ ತೋರಿಸಿಲ್ಲ, ಅಡಿಟಿಪ್ಪಣಿಯನ್ನೂ ಕೊಟ್ಟಿಲ್ಲ. ಓದೋ ಇಂಗ್ಲಿಷ್‌ನಲ್ಲಿ ನಮ್ಮೂರ ಮಾತಿನ ಧಾಟಿ ಕೇಳಿಸಲಿ ಅನ್ನೋದು ಅವರ ಆಯ್ಕೆ.

ಇನ್ನೊಂದು, ವಿವೇಕ ಶಾನಭಾಗರ 'ಘಾಚರ್ ಘೋಚರ್'. ಇಂಗ್ಲಿಷಿಗೆ ತಂದವರು ಶ್ರೀನಾಥ್ ಪೇರೂರು. ಅಲ್ಲೂ ಶೀರ್ಷಿಕೆ ಹಾಗೇ ಉಳಿದಿದೆ. ಯಾಕಂದ್ರೆ ಅದು ಕನ್ನಡ ನಿಘಂಟಿನಲ್ಲೂ ಇಲ್ಲದ ಪದ! ಸಿಕ್ಕುಸಿಕ್ಕಾಗೋದಕ್ಕೆ ಅನಿತಾ ಅನ್ನೋ ಪಾತ್ರದ ತವರುಮನೆಯವರು ಮಾತ್ರ ಬಳಸೋ ಮಾತು. ಮೈಸೂರಿನ ಓದುಗನಿಗೂ ನ್ಯೂಯಾರ್ಕಿನ ಓದುಗನಿಗೂ ಅದರ ಅರ್ಥ ಗೊತ್ತಾಗೋದು ಕಥೆಯ ಅದೇ ಜಾಗದಲ್ಲಿ. ಇಲ್ಲಿ ಅನುವಾದಕ ಪದವನ್ನು ಮುಟ್ಟದೆ ಬಿಟ್ಟಿದ್ದೇ ಸರಿಯಾದ ಅನುವಾದ.

ಈಗ ಉಲ್ಟಾ ದಾರಿ ನೋಡೋಣ, ಹೊರಗಿನಿಂದ ಕನ್ನಡಕ್ಕೆ. ರಷ್ಯನ್, ಸ್ಪ್ಯಾನಿಷ್ ಕಾದಂಬರಿಗಳು ನಮಗೆ ಸಿಕ್ಕಿರೋದು ಹೆಚ್ಚಾಗಿ ಇಂಗ್ಲಿಷ್ ಮೂಲಕ. "ಹಾಗಾದ್ರೆ ಅನುವಾದದ ಅನುವಾದ, ಯಾಕೆ ಓದ್ಬೇಕು? ಇಂಗ್ಲಿಷಲ್ಲೇ ಓದ್ತೀನಿ" ಅಂತೀರಾ? ಒಂದ್ನಿಮಿಷ.

ಟಾಲ್‌ಸ್ಟಾಯ್ ಅವರ 'ಅನ್ನಾ ಕರೆನಿನಾ'ದಲ್ಲಿ ಒಂದು ಸೂಕ್ಷ್ಮ ಇದೆ. ಗುಟ್ಟಾಗಿ ಪ್ರೀತಿಸುತ್ತಿರೋ ವ್ರೋನ್‌ಸ್ಕಿ ಅನ್ನಾ ಜೊತೆ ಫ್ರೆಂಚ್‌ನಲ್ಲಿ ಮಾತಾಡ್ತಾನೆ. ಯಾಕೆ? ರಷ್ಯನ್‌ನಲ್ಲಿ ಮಾತಾಡಿದ್ರೆ 'ನೀವು' ಅನ್ನಬೇಕು, ಇಲ್ಲಾ 'ನೀನು' ಅನ್ನಬೇಕು. 'ನೀವು' ಅಂದ್ರೆ ಇಬ್ಬರ ನಡುವೆ ಸಹಿಸಲಾಗದಷ್ಟು ದೂರ. 'ನೀನು' ಅಂದ್ರೆ ಅಪಾಯ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ 'ಯೂ'. ಹಾಗಾಗಿ ಅಲ್ಲಿನ ಅನುವಾದಕರು ಈ ಜಾಗದಲ್ಲಿ ಪರದಾಡಲೇಬೇಕು. ನಮಗೆ? ಬಿಡಿಸಿ ಹೇಳೋದೇ ಬೇಡ. ಬಸ್ಸಿನಲ್ಲಿ ಪಕ್ಕ ಕೂತವರನ್ನು ಏನಂತ ಕರೀಬೇಕು ಅಂತ ದಿನಾ ಲೆಕ್ಕ ಹಾಕೋರು ನಾವು. ಅಂದ್ರೆ ಇಂಗ್ಲಿಷ್ ದಾಟುವಾಗ ಕಳೆದುಹೋದದ್ದನ್ನು ಕನ್ನಡದ ಅನುವಾದಕರು ವಾಪಸ್ ತರಬಹುದು. ಆದರೆ ಯಾವ ಪುಟದಲ್ಲಿ 'ನೀವು' ಹೋಗಿ 'ನೀನು' ಬರಬೇಕು ಅಂತ ಅವರೇ ನಿರ್ಧರಿಸಬೇಕು. 'ಬ್ರದರ್' ಅಂತಿದ್ರೆ ಅಣ್ಣನೋ ತಮ್ಮನೋ ಅಂತ ಹುಡುಕಬೇಕು. ಇಲ್ಲಿ ಎಡವಿದ್ರೆ ಇಡೀ ಸಂಬಂಧವೇ ಬದಲಾಗುತ್ತೆ.

ತಮಿಳು, ಮಲಯಾಳಂನಿಂದ ನೇರವಾಗಿ ಬಂದ ಅನುವಾದಗಳಲ್ಲಿ ಈ ಕಷ್ಟ ಕಡಿಮೆ. ಅಲ್ಲೂ ಅಣ್ಣ ಅಣ್ಣನೇ, ತಮ್ಮ ತಮ್ಮನೇ.

ಸರಿ, ಆರಿಸೋದು ಹೇಗೆ? ನಾನು ಮಾಡೋದು ಇಷ್ಟು.

ಒಂದು: ಫೋನಿನಲ್ಲಿ ಮಾದರಿ ಪುಟಗಳಿದ್ರೆ, ಅದರಲ್ಲಿ ಬರೋ ಒಂದು ಸಂಭಾಷಣೆಯನ್ನು ಜೋರಾಗಿ ಓದ್ತೀನಿ. ಮನುಷ್ಯರು ಹೀಗೆ ಮಾತಾಡ್ತಾರೆ ಅನ್ನಿಸಿದ್ರೆ ಮುಂದುವರಿಯಬಹುದು.

ಎರಡು: ಇಷ್ಟವಾದ ಅನುವಾದಕರನ್ನು ಹಿಂಬಾಲಿಸ್ತೀನಿ. 'ಘಾಚರ್ ಘೋಚರ್' ಹಿಡಿಸಿತಾ? ಗಿರೀಶ ಕಾರ್ನಾಡರ ಆತ್ಮಕಥೆ 'ಆಡಾಡತ ಆಯುಷ್ಯ'ವನ್ನು ಇಂಗ್ಲಿಷಿಗೆ ತಂದವರಲ್ಲಿ ಶ್ರೀನಾಥ್ ಪೇರೂರು ಕೂಡ ಒಬ್ಬರು. ಕನ್ನಡದಲ್ಲಿ ಓದೋದಾದ್ರೆ ಟಾಲ್‌ಸ್ಟಾಯ್‌ಗೆ ಓ.ಎಲ್. ನಾಗಭೂಷಣಸ್ವಾಮಿ ಅವರ 'ಯುದ್ಧ ಮತ್ತು ಶಾಂತಿ' ಇದೆ, ಮಾರ್ಕ್ವೆಜ್‌ಗೆ ಎ.ಎನ್. ಪ್ರಸನ್ನ ಅವರ 'ಒಂದು ನೂರು ವರ್ಷಗಳ ಏಕಾಂತ' ಇದೆ. ಅಷ್ಟು ದಪ್ಪದ ಪುಸ್ತಕ ಭಯ ಅಂದ್ರೆ ಸಣ್ಣಕಥೆಯಿಂದ ಶುರು ಮಾಡಿ.

ಮೂರು: ಮೊದಲ ಪ್ರಯತ್ನದಲ್ಲಿ ಪುಸ್ತಕ ಸಪ್ಪೆ ಅನ್ನಿಸಿದ್ರೆ, ಲೇಖಕರನ್ನೇ ಬಿಟ್ಟುಬಿಡಬೇಡಿ. ದೊಡ್ಡ ಕೃತಿಗಳಿಗೆ ಒಂದಕ್ಕಿಂತ ಹೆಚ್ಚು ಅನುವಾದ ಇರುತ್ತವೆ. ಇನ್ನೊಂದನ್ನು ತೆಗೆದು ಅದೇ ಪುಟ ಓದಿ ನೋಡಿ. ಒಂದು ಸಪ್ಪೆ ಅನುವಾದದಿಂದಾಗಿ ಒಬ್ಬ ಒಳ್ಳೆ ಲೇಖಕ ಜೀವಮಾನಪೂರ್ತಿ ತಪ್ಪಿಹೋಗಬಾರದು.

ಕೊನೆಯದಾಗಿ ಒಂದು ಕೋರಿಕೆ. ಸ್ಟೇಟಸ್‌ನಲ್ಲಿ ಪುಸ್ತಕದ ಫೋಟೊ ಹಾಕುವಾಗ ಅನುವಾದಕರ ಹೆಸರನ್ನೂ ಬರೀರಿ. ಮುಂದಿನವರು ಪುಸ್ತಕ ಹುಡುಕೋದು ಆ ಹೆಸರಿನಿಂದಲೇ. ಮುಂದಿನ ವಾರ ಸಿಗೋಣ.