ವೈಜಾಗ್ ಬೀಚಿನಿಂದ ಶುರುವಾಗೋ ಓದು: ಟೆಕ್ನೋ ಥ್ರಿಲ್ಲರ್, ಮಿಲಿಟರಿ ಸೈನ್ಸ್ ಫಿಕ್ಷನ್

ಹೋದ ವಿಡಿಯೋ ಆದ್ಮೇಲೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬಂತು. "ಓದೋ ಅಭ್ಯಾಸ ಬಿಟ್ಟೋಗಿದೆ. ದಿನಾ ಓದೋದು ಟಿಕೆಟ್ಟು, ಲಾಗ್ ಫೈಲು ಅಷ್ಟೇ. ಟೆಕ್ನೋ ಥ್ರಿಲ್ಲರ್, ಮಿಲಿಟರಿ ಸೈನ್ಸ್ ಫಿಕ್ಷನ್ ಓದ್ಬೇಕು ಅಂತಿದೆ, ಎಲ್ಲಿಂದ ಶುರು ಮಾಡ್ಲಿ?" ನನ್ನ ಉತ್ತರ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಪುಸ್ತಕದ ಅಂಗಡಿಗೆ ಆಮೇಲೆ ಹೋಗಿ. ನೀವು ವೈಜಾಗಲ್ಲೋ ವಿಜಯವಾಡದಲ್ಲೋ ಇದ್ರೆ, ಮೊದಲು ಆರ್.ಕೆ. ಬೀಚಿಗೆ ಹೋಗಿ ಟಿಕೆಟ್ ತಗೊಂಡು ಐಎನ್‌ಎಸ್ ಕುರ್ಸುರಾ ಒಳಗೆ ಹೋಗಿ ಬನ್ನಿ.

ಕುರ್ಸುರಾ ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಡೀಸೆಲ್-ಎಲೆಕ್ಟ್ರಿಕ್ ಸಬ್‌ಮರೀನ್. 1969ರಲ್ಲಿ ನಮ್ಮ ನೌಕಾಪಡೆಗೆ ಸೇರಿತು, 2001ರಲ್ಲಿ ನಿವೃತ್ತಿ, 2002ರಿಂದ ದಡದ ಮೇಲೆ ಮ್ಯೂಸಿಯಂ. ಉದ್ದ 91 ಮೀಟರ್. ಹೊರಗಿಂದ ನೋಡಿದ್ರೆ ದೊಡ್ಡದೇ. ಒಳಗೆ ಹೋದಾಗ ಗೊತ್ತಾಗೋದು: ಒಂದು ಭಾಗದಿಂದ ಇನ್ನೊಂದಕ್ಕೆ ಹೋಗೋಕೆ ದುಂಡನೆ ಬಾಗಿಲಲ್ಲಿ ಕಾಲು ಹಾಕಿ, ತಲೆ ಬಗ್ಗಿಸಿ ನುಸುಳಬೇಕು. ಸುಮಾರು 75 ಜನ ಇದರೊಳಗೇ ಉಂಡು, ಮಲಗಿ, ಕೆಲಸ ಮಾಡ್ತಿದ್ರು. ಟಾರ್ಪಿಡೋ ಇರೋ ಜಾಗದಲ್ಲೇ ಮಲಗೋ ಬಂಕು. ನನ್ನ ಮಗಳು ಗೈಡ್ ಅಂಕಲ್‌ನ ಕೇಳಿದ್ಲು, "ಕಿಟಕಿ ಎಲ್ಲಿ?" ಅಂತ. ಅವರು ನೌಕಾಪಡೆಯಿಂದ ನಿವೃತ್ತರಾದವರು. ನಕ್ಕು, ತಮ್ಮ ಕಿವಿ ಮುಟ್ಟಿ ತೋರಿಸಿದ್ರು.

ಆ ಕಿವಿ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಅದೇ ಬೀಚಿನಿಂದ ಕಾಣೋ ನೀರಿನ ತಳದಲ್ಲಿ ಇನ್ನೊಂದು ಸಬ್‌ಮರೀನ್ ಮಲಗಿದೆ, ಪಾಕಿಸ್ತಾನದ ಘಾಜಿ. ಮೂಲದಲ್ಲಿ ಅದು ಎರಡನೇ ಮಹಾಯುದ್ಧದ ಕಾಲದ ಅಮೆರಿಕನ್ ನೌಕೆ, ಹೆಸರು ಡಯಾಬ್ಲೋ. 1971ರಲ್ಲಿ ಬಂಗಾಳ ಕೊಲ್ಲಿಗೆ ಬಂದಿದ್ದೇ ನಮ್ಮ ವಿಮಾನವಾಹಕ ವಿಕ್ರಾಂತನ್ನ ಮುಳುಗಿಸೋಕೆ. ವಿಕ್ರಾಂತ್ ಅಷ್ಟೊತ್ತಿಗೆ ಅಂಡಮಾನ್ ಕಡೆ ಹೋಗಿತ್ತು. ಅದರ ವೇಷ ಹಾಕಿದ್ದು ರಜಪೂತ್ ಅನ್ನೋ ಹಳೇ ಡೆಸ್ಟ್ರಾಯರ್, ಸೇವೆಯಿಂದ ತೆಗೆಯೋ ಹಂತಕ್ಕೆ ಬಂದಿದ್ದ ಹಡಗು. ದೊಡ್ಡ ಹಡಗು ಎಷ್ಟು ವೈರ್‌ಲೆಸ್ ಮಾತಾಡುತ್ತೋ ಅಷ್ಟು ಮಾತಾಡಿತು. ಊರಲ್ಲಿ ದೊಡ್ಡ ಹಡಗಿಗೆ ಬೇಕಾಗೋಷ್ಟು ಮಾಂಸ, ತರಕಾರಿಗೆ ಆರ್ಡರ್ ಹೋಯ್ತು. ಆಗ ಪೂರ್ವ ಕಮಾಂಡಿನ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಆಮೇಲೆ ಬರೆದ ಪುಸ್ತಕದಲ್ಲಿ ಒಂದು ವಿಷಯ ಬರುತ್ತೆ, ನನಗೆ ಅದೇ ತುಂಬಾ ಕಾಡಿದ್ದು. ವಿಕ್ರಾಂತ್‌ನ ನಾವಿಕನೊಬ್ಬ ಕಾಯಿಲೆ ಬಿದ್ದ ತನ್ನ ತಾಯಿ ಹೇಗಿದ್ದಾರೆ ಅಂತ ಕೇಳೋ ಸಂದೇಶ. ಸಂಕೇತ ಭಾಷೆ ಇಲ್ಲದೆ, ಶತ್ರುವಿಗೆ ಕೇಳಿಸ್ಲಿ ಅಂತಲೇ ಕಳಿಸಿದ್ದು.

ನಮ್ಮ ಭಾಷೇಲಿ ಹೇಳೋದಾದ್ರೆ ಪಕ್ಕಾ ಸ್ಪೂಫಿಂಗ್. ಆದ್ರೆ ಅದನ್ನ ನಂಬೋ ಹಾಗೆ ಮಾಡಿದ್ದು ಸಿಗ್ನಲ್ ಬಲ ಒಂದೇ ಅಲ್ಲ, ಒಬ್ಬ ಮಗನ ಚಿಂತೆ. ಡಿಸೆಂಬರ್ 3-4ರ ರಾತ್ರಿ ಘಾಜಿ 93 ಜನರ ಸಮೇತ ಮುಳುಗಿತು. ರಜಪೂತ್ ಹಾಕಿದ ಡೆಪ್ತ್ ಚಾರ್ಜ್‌ನಿಂದ ಅಂತ ನಮ್ಮವರು, ಒಳಗಿನ ಸ್ಫೋಟ ಇಲ್ಲಾ ಮೈನ್‌ನಿಂದ ಅಂತ ಅವರು. ಆ ವಾದ ಇನ್ನೂ ಮುಗಿದಿಲ್ಲ. 2017ರ ಸಿನಿಮಾ ನೋಡಿರ್ತೀರಿ. ಮಜಾ ಇದೆ, ಆದ್ರೆ ಅದು ಕಥೆ, ಇತಿಹಾಸ ಅಂತ ನಂಬ್ಕೊಂಡು ಕೂರಬೇಡಿ.

ಒಳ್ಳೇ ಟೆಕ್ನೋ ಥ್ರಿಲ್ಲರ್‌ಗೆ ನಾನು ಇಡೋ ಪರೀಕ್ಷೆ ಆ ತಾಯಿಯ ಸಂದೇಶವೇ. ಯಂತ್ರದ ವಿವರ ಎಷ್ಟಾದ್ರೂ ಇರ್ಲಿ, ಅದರ ಮಧ್ಯೆ ಒಬ್ಬ ಮನುಷ್ಯ ಸಿಕ್ಕಬೇಕು.

ಟಾಮ್ ಕ್ಲಾನ್ಸಿಯ 'ದ ಹಂಟ್ ಫಾರ್ ರೆಡ್ ಅಕ್ಟೋಬರ್' (1984) ಇದರಲ್ಲಿ ಪಾಸು. ಕ್ಲಾನ್ಸಿ ಸೈನಿಕ ಅಲ್ಲ, ಮೇರಿಲ್ಯಾಂಡ್‌ನಲ್ಲಿ ಇನ್ಶೂರೆನ್ಸ್ ವ್ಯವಹಾರ ಮಾಡ್ತಿದ್ದವರು. ಸದ್ದೇ ಮಾಡದ ಸೋವಿಯತ್ ಸಬ್‌ಮರೀನ್ ಒಂದು ತಪ್ಪಿಸ್ಕೊಂಡು ಬರ್ತಿದೆ. ಹಿಂದೆ ಬಿದ್ದ ಅಮೆರಿಕನ್ ನೌಕೆಯಲ್ಲಿ ಜೋನ್ಸ್ ಅನ್ನೋ ಸೋನಾರ್ ಹುಡುಗ. ಕಂಪ್ಯೂಟರ್ ಆ ಸದ್ದನ್ನ "ಇದು ಭೂಮಿಯೊಳಗಿನ ಸದ್ದು" ಅಂತ ಹಣೆಪಟ್ಟಿ ಹಚ್ಚಿ ಪಕ್ಕಕ್ಕಿಡುತ್ತೆ. ಇವನ ಕಿವಿ ಒಪ್ಪಲ್ಲ. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರಾಗಿದ್ರೂ "ಏನೋ ಸರಿ ಇಲ್ಲ" ಅಂತ ರಾತ್ರಿ ಎರಡಕ್ಕೆ ಎದ್ದು ಕೂತವರಿಗೆ ಈ ಜೋನ್ಸ್ ಯಾರು ಅಂತ ನಾನು ಹೇಳಬೇಕಿಲ್ಲ. ರಾಜಕೀಯ ಒಂದು ಕಡೆಗೇ ವಾಲುತ್ತೆ, ಹೆಂಗಸರ ಪಾತ್ರ ಇಲ್ಲ ಅಂದ್ರೂ ನಡೆಯುತ್ತೆ. ಗೊತ್ತಿದ್ದೇ ಓದಿ.

ಕುರ್ಸುರಾ ನೋಡಿ ಬಂದ ವಾರವೇ ಓದ್ಬೇಕಾದ್ದು ಬುಖ್‌ಹೈಮ್ ಬರೆದ ಜರ್ಮನ್ ಕಾದಂಬರಿ 'ದಾಸ್ ಬೂಟ್' (1973), ಇಂಗ್ಲಿಷ್ ಅನುವಾದ ಸಿಗುತ್ತೆ. ಲೇಖಕ 1941ರಲ್ಲಿ ಯುದ್ಧ ವರದಿಗಾರನಾಗಿ ಜರ್ಮನ್ ಸಬ್‌ಮರೀನ್‌ನಲ್ಲೇ ಹೋಗಿದ್ದವನು. ಬಹುಪಾಲು ಕಾಯೋದೇ: ವಾಸನೆ, ತೇವ, ಬೇಸರ, ಆಮೇಲೆ ತಲೆ ಮೇಲೆ ಡೆಪ್ತ್ ಚಾರ್ಜ್. ಅಲ್ಲಿಗೆ ಬಂದಾಗ ಘಾಜಿಯೊಳಗಿದ್ದವರು ನೆನಪಾಗ್ತಾರೆ.

ಹೊಸದು ಬೇಕು ಅಂದ್ರೆ ಸಿಂಗರ್ ಮತ್ತು ಕೋಲ್ ಬರೆದ 'ಘೋಸ್ಟ್ ಫ್ಲೀಟ್' (2015). ಆಮದಾದ ಚಿಪ್‌ಗಳಲ್ಲೇ ಹಿಂಬಾಗಿಲು, ಯುದ್ಧ ಶುರುವಾದ ದಿನ ಹೊಸ ಶಸ್ತ್ರಗಳು ಕೈಕೊಡ್ತವೆ. ಆಮೇಲೆ ಮೂಲೆಗೆ ಸೇರಿಸಿದ್ದ ಹಳೇ ಹಡಗುಗಳೇ ಗತಿ. ರಜಪೂತ್ ಕಥೆ ಗೊತ್ತಿರೋ ವೈಜಾಗಿನವರು ಇಲ್ಲಿ ಮೀಸೆಯಡಿ ನಗ್ತಾರೆ. ಪಾತ್ರಗಳು ತೆಳು, ತಾಯಿಯ ಪರೀಕ್ಷೆಯಲ್ಲಿ ಜಸ್ಟ್ ಪಾಸು. ಆದ್ರೆ ಸಪ್ಲೈ ಚೈನ್ ಸೆಕ್ಯೂರಿಟಿ ಬಗ್ಗೆ ನಿಮ್ಮ ಮ್ಯಾನೇಜರ್‌ಗೆ ಓದೋಕೆ ಕೊಡಬಹುದು.

ಇನ್ನು ಮಿಲಿಟರಿ ಸೈನ್ಸ್ ಫಿಕ್ಷನ್. ಹೈನ್‌ಲೈನ್‌ನ 'ಸ್ಟಾರ್‌ಶಿಪ್ ಟ್ರೂಪರ್ಸ್' (1959) ಎಲ್ಲರೂ ಹೇಳ್ತಾರೆ. ಮಧ್ಯೆ ಮಧ್ಯೆ ಮೇಷ್ಟ್ರ ಪಾಠ ಜಾಸ್ತಿ, ನನಗೆ ಹಿಡಿಸಲಿಲ್ಲ. ಸ್ಕಾಲ್ಜಿಯ 'ಓಲ್ಡ್ ಮ್ಯಾನ್ಸ್ ವಾರ್' (2005) ಸರಾಗ, ಎರಡು ರಾತ್ರಿಗೆ ಮುಗಿಯುತ್ತೆ. ಒಂದೇ ಒಂದು ಓದ್ತೀನಿ ಅನ್ನೋರು ಜೋ ಹಾಲ್ಡೆಮನ್‌ನ 'ದ ಫಾರೆವರ್ ವಾರ್' (1974) ತಗೊಳ್ಳಿ.

ಹಾಲ್ಡೆಮನ್ ಭೌತಶಾಸ್ತ್ರ ಓದಿ, ವಿಯೆಟ್ನಾಂ ಯುದ್ಧಕ್ಕೆ ಹೋಗಿ ಗಾಯಗೊಂಡು ಬಂದವರು. ಅವರ ನಾಯಕ ಮಂಡೆಲ್ಲಾ ನಕ್ಷತ್ರಗಳಾಚೆ ಯುದ್ಧಕ್ಕೆ ಹೋಗ್ತಾನೆ. ಬೆಳಕಿನ ವೇಗದ ಹತ್ತಿರ ಹೋದ್ರೆ ಅವನಿಗೆ ತಿಂಗಳುಗಳು, ಭೂಮಿಯಲ್ಲಿ ದಶಕಗಳು, ಆಮೇಲೆ ಶತಮಾನಗಳು. ಒಮ್ಮೆ ವಾಪಸ್ ಬಂದಾಗ ಊರು ಊರಾಗಿಲ್ಲ, ಹೊಂದ್ಕೊಳ್ಳೋಕಾಗದೆ ಮತ್ತೆ ಸೈನ್ಯಕ್ಕೇ ಸೇರ್ತಾನೆ. ಕೊನೆ ಹೊತ್ತಿಗೆ ಅವನ ಕೈಕೆಳಗಿನ ಸೈನಿಕರು ಅವನ ಜೊತೆ ಮಾತಾಡೋಕೆ ಅವನ ಕಾಲದ ಇಂಗ್ಲಿಷನ್ನ ಪಾಠದ ಹಾಗೆ ಕಲಿತು ಬಂದಿರ್ತಾರೆ.

ಇದನ್ನ ನಾನು ಓದಿದ್ದು ರತ್ನಾಚಲ್ ಎಕ್ಸ್‌ಪ್ರೆಸ್‌ನಲ್ಲಿ. ನಾನಿರೋದು ವಿಜಯವಾಡ, ಕೆಲಸದ ಮೇಲೆ ವೈಜಾಗಿಗೆ ಓಡಾಟ, 350 ಕಿಲೋಮೀಟರು, ಸುಮಾರು ಆರು ಗಂಟೆ. ರಾಜಮಂಡ್ರಿಯಲ್ಲಿ ಗೋದಾವರಿ ಸೇತುವೆ ಬಂದಾಗ ಪುಸ್ತಕ ಮುಚ್ಚಿ ಕೂತಿದ್ದೆ, ನದಿ ನೋಡೋಕಲ್ಲ. ಅದಕ್ಕೆ ಮುಂಚಿನ ಯುಗಾದಿಗೆ ದಾವಣಗೆರೆಗೆ ಹೋದಾಗ ಊಟಕ್ಕೆ ಕೂತು, "ಅಮ್ಮ, ಆ ಗಿನ್ನೆ ಈ ಕಡೆ ಕೊಡು" ಅಂದಿದ್ದೆ. ಬಟ್ಟಲು ಅನ್ನೋ ಪದ ಬಾಯಿಗೆ ಬಂದೇ ಇರಲಿಲ್ಲ. ಅಮ್ಮ ಒಂದು ಕ್ಷಣ ನನ್ನನ್ನೇ ನೋಡಿ, "ಯಾವ ಊರಿನ ಮಾತೋ ಇದು?" ಅಂದ್ರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಂಡೆಲ್ಲಾನಿಗೆ ಸಾವಿರ ವರ್ಷ ಬೇಕಾಯ್ತು, ನನಗೆ ಏಳೇ ವರ್ಷ.

ಕನ್ನಡದಲ್ಲಿ ಈ ಜಾತಿಯ ಕಾದಂಬರಿ ಕಮ್ಮಿ. ವೈಜ್ಞಾನಿಕ ಕಥೆಗೆ ರಾಜಶೇಖರ ಭೂಸನೂರಮಠರನ್ನ ಹುಡುಕಿ. ಸಬ್‌ಮರೀನ್ ಬೇಡ, ಓಟ ಬೇಕು ಅನ್ನೋರಿಗೆ ತೇಜಸ್ವಿಯವರ 'ಜುಗಾರಿ ಕ್ರಾಸ್' ಸಾಕು. ಮಗಳಿಗೆ ನಾನೀಗ ಅದನ್ನ ರಾತ್ರಿ ಸ್ವಲ್ಪ ಸ್ವಲ್ಪ ಓದಿ ಹೇಳ್ತಿದ್ದೀನಿ. ಅರ್ಥ ಆಗದ ಪದಕ್ಕೆ ಅವಳು ತೆಲುಗಲ್ಲಿ ಪ್ರಶ್ನೆ ಕೇಳ್ತಾಳೆ, ನಾನು ಕನ್ನಡದಲ್ಲಿ ಉತ್ತರ ಕೊಡ್ತೀನಿ.

ಇಂಗ್ಲಿಷ್ ಪುಸ್ತಕಗಳಿಗೆ ಹೊಸ ಪ್ರತಿಯೇ ಬೇಕಂತಿಲ್ಲ. ವಿಜಯವಾಡದವರು ಲೆನಿನ್ ಸೆಂಟರ್‌ನ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೇಳಿ ನೋಡಿ, ಕ್ಲಾನ್ಸಿ ಅಂತೂ ಆಗಾಗ ಕಣ್ಣಿಗೆ ಬೀಳ್ತಾನೆ. ಚೌಕಾಸಿ ಮಾತ್ರ ತೆಲುಗಲ್ಲೇ ಮಾಡಿ.