ಬೀಜದಿಂದ ಎದ್ದ ಹಸುರು ಪರದೆ

ಕೃಷಿಕನಾದವ ಪೇಟೆಯಲ್ಲಿ ನಾಲ್ಕು ದಿನ ಕೈಕಟ್ಟಿ ಕೂತರೆ ಐದನೇ ದಿನ ಮೈಕೈ ನೋವು ಸುರುವಾಗುತ್ತದೆ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಬೆನ್ಸನ್ ಟೌನಿಗೆ, ಮಗನ ಮನೆಗೆ ಹೋದ ನನ್ನ ಕತೆಯೂ ಇದೇ. ದಂಡು ರೈಲು ನಿಲ್ದಾಣಕ್ಕೆ ದೂರವಿಲ್ಲದ ಹಳೇ ಬಡಾವಣೆ. ಹೆಂಚಿನ ಬಂಗಲೆ, ಸುತ್ತ ಅಂಗಳ. ಈಗ ಬಂಗಲೆಗಳು ಒಂದೊಂದೇ ಹೋಗಿ ಅಪಾರ್ಟ್‌ಮೆಂಟುಗಳು ಏಳುತ್ತಿವೆ.

ಮಗ ಬಾಡಿಗೆಗಿರುವುದು ಅಂಥದೇ ಒಂದು ಬಂಗಲೆಯ ಹಿಂಬದಿಯಲ್ಲಿ. ಮುಂಬದಿಯಲ್ಲಿ ಮನೆಯೊಡತಿ ಒಬ್ಬರೇ. ಎಂಬತ್ತು ದಾಟಿದೆ. ಪಕ್ಕದಲ್ಲಿ ನಾಲ್ಕು ಮಾಳಿಗೆ ಎದ್ದ ಮೇಲೆ ಅವರು ಸಂಜೆ ಜಗಲಿಯಲ್ಲಿ ಕೂರುವುದನ್ನೇ ಬಿಟ್ಟಿದ್ದರು. "ಬಾಲ್ಕನೀಲಿ ನಿಂತೋರೆಲ್ಲ ನನ್ನ ಕಾಫಿ ಲೋಟಾನೇ ನೋಡ್ತಾರಪ್ಪ. ಮಾರಿ ಹೋಗೋಣ ಅನ್ಸುತ್ತೆ" ಅಂದರು. ಆಳೆತ್ತರದ ಪಾಮ್ ಗಿಡಗಳಿಗೆ ನರ್ಸರಿಯವರು ಹೇಳಿದ ದರ ಅವರ ಪಿಂಚಣಿಗೆ ಎಟಕುವಂತಿರಲಿಲ್ಲ.

"ಬೀಜದಿಂದ ಎಬ್ಬಿಸಿ ಕೊಡ್ತೇನೆ ಅಮ್ಮ" ಅಂದೆ. "ನಾನಿರೋದ್ರೊಳಗೆ ಏಳತ್ತಾ?" ಅಂತ ನಕ್ಕರು.

ಎಲ್ಲಿ ನೆಡುವುದು?

ಸುರುವಿಗೆ ಕಾಂಪೌಂಡ್ ಗೋಡೆಯ ಬುಡದಲ್ಲೇ ನೆಡುವ ಅಂದಾಜು. ಜಗಲಿಯಲ್ಲಿ ಕುರ್ಚಿ ಹಾಕಿ ಕೂತು ನೋಡಿದಾಗ ತಪ್ಪು ತಿಳಿಯಿತು. ಎತ್ತರದ ಬಾಲ್ಕನಿ ಮರೆಯಾಗಬೇಕಾದರೆ ಗಿಡ ಕೂರುವ ಜಾಗಕ್ಕೆ ಹತ್ತಿರ ಇರಬೇಕು. ದೂರದ ಗೋಡೆ ಬದಿಯಲ್ಲಿ 20 ಅಡಿ ಬೇಕಾದರೆ, ಜಗಲಿಯಿಂದ 6 ಅಡಿಯಲ್ಲಿ 8 ಅಡಿ ಎತ್ತರದ್ದೇ ಸಾಕು.

ಮಣ್ಣು ತೆಗೆದರೆ ಬರೀ ಜಲ್ಲಿ, ಸಿಮೆಂಟ್ ಗಟ್ಟಿ. ಎರಡಡಿ ಹೊಂಡ ಮಾಡಿ ಕೆಮ್ಮಣ್ಣು, ಸೆಗಣಿ ಗೊಬ್ಬರ ತುಂಬಿಸಿದೆ. ತರಗೆಲೆಗೆ ಖರ್ಚಿಲ್ಲ. ರಸ್ತೆ ಬದಿ ಗುಡಿಸಿ ರಾಶಿ ಹಾಕಿ ಬೆಂಕಿ ಕೊಡುವುದನ್ನು ಗೋಣಿಯಲ್ಲಿ ತಂದೆ. ಗುಡಿಸುವವರಿಗೂ ಖುಷಿ.

ನಾಲ್ಕು ಬೀಜ, ನಾಲ್ಕು ಗುಣ

ಅಗಲ ಎಲೆ, ಬೇಗ ಬೆಳೆಯಬೇಕು, ಆರೈಕೆ ಕಡಿಮೆ ಸಾಕು. ಈ ಲೆಕ್ಕದಲ್ಲಿ ಆರಿಸಿದ್ದು ನಾಲ್ಕು.

ಕಾಬಾಳೆ: ಪೇಟೆಯವರು ಕ್ಯಾನಾ ಅನ್ನುತ್ತಾರೆ. ಸಣ್ಣ ಕೆಂಪು ಹೂವಿನ ನಾಟಿ ಜಾತಿ ಧಾರಾಳ ಬೀಜ ಕೊಡುತ್ತದೆ. ದೊಡ್ಡ ಹೂವಿನ ಹೈಬ್ರಿಡ್‌ಗಳನ್ನು ಗೆಡ್ಡೆಯಿಂದಲೇ ಮಾಡಬೇಕು. ಬೀಜದಿಂದ ತಾಯಿಯ ಹಾಗೆ ಬರುವುದಿಲ್ಲ. ಬೀಜ ಕೋವಿಯ ಚರೆಯ ಹಾಗೆ ಕಪ್ಪು, ಗಟ್ಟಿ. ಅರ್ಜೆಂಟೀನಾದಲ್ಲಿ ಸುಮಾರು 600 ವರ್ಷ ಹಳೆಯ ಬೀಜ ಮೊಳೆತದ್ದು ದಾಖಲಾಗಿದೆ. ಹಾಗೇ ಹಾಕಿದರೆ ಮೊಳಕೆಗೆ ತಿಂಗಳುಗಟ್ಟಲೆ ಕಾಯಬೇಕಾದೀತು. ಒಂದು ಬದಿಯನ್ನು ಉಪ್ಪುಕಾಗದದಲ್ಲಿ ಬಿಳಿ ಕಾಣುವಷ್ಟು ಮಾತ್ರ ತಿಕ್ಕಿ, ಒಂದು ದಿನ ನೀರಿನಲ್ಲಿ ಹಾಕಿ ಬಿತ್ತಿ. ನನ್ನ 30ರಲ್ಲಿ 26 ಬೀಜ ಎರಡು ವಾರದೊಳಗೆ ಮೊಳೆತವು. ನಾಲ್ಕನೇ ತಿಂಗಳಲ್ಲಿ ಹೂ.

ಪಪ್ಪಾಯಿ: ಬೀಜದ ಮೇಲಿನ ಲೋಳೆ ಪೊರೆ ಮೊಳಕೆಗೆ ಅಡ್ಡಿ. ಬೂದಿ ಹಾಕಿ ತಿಕ್ಕಿ ತೊಳೆದು ನೆರಳಲ್ಲಿ ಆರಿಸಬೇಕು. ಬೇರಿಗೆ ನೀರು ನಿಂತರೆ ಮುಗಿಯಿತು, ಹಾಗಾಗಿ ಏರಿ ಮಾಡಿ ನೆಟ್ಟೆ. ಪೇಟೆಯ ಹಣ್ಣಿನ ಬೀಜದಲ್ಲಿ ಗಂಡು ಗಿಡ ಬಂದೀತು. ಚೆಟ್ಟಳ್ಳಿಯಲ್ಲಿ ಆಯ್ಕೆ ಮಾಡಿದ ಕೂರ್ಗ್ ಹನಿಡ್ಯೂ ತಳಿಯಲ್ಲಿ ಬರೀ ಗಂಡು ಗಿಡದ ರಗಳೆ ಇಲ್ಲ.

ಕಲ್ಲುಬಾಳೆ: ನಾಲ್ಕರಲ್ಲಿ ನಮ್ಮ ಘಟ್ಟದ್ದು ಇದೊಂದೇ. ಬಂಡೆಯ ಸಂದಿಯಲ್ಲಿ ಬೆಳೆಯುವಂಥದ್ದು. ಕಂದು ಬಿಡುವುದಿಲ್ಲ, ಬೀಜವೇ ಗತಿ. ಊರಲ್ಲಿ ಉದುರಿದ ಹಣ್ಣಿನಿಂದ ಹೆಕ್ಕಿದ 20 ಬೀಜಗಳನ್ನು ಸುಡುಮಣ್ಣು ಬೆರೆಸಿದ ತೊಟ್ಟೆಯಲ್ಲಿ ಹಾಕಿದೆ. ಮೊದಲನೆಯದು 45 ದಿನಕ್ಕೆ ಎದ್ದಿತು. ಕೊನೆಯದಕ್ಕೆ ನಾಲ್ಕು ತಿಂಗಳು. ಒಟ್ಟು ಬಂದದ್ದು ಏಳು. ಮೊಳೆಯಲಿಲ್ಲವೆಂದು ತೊಟ್ಟೆ ಬಿಸಾಡಬೇಡಿ.

ಕೆಂಪೆಲೆ ಹರಳು: ವೇಗದಲ್ಲಿ ಇದಕ್ಕೆ ಸಾಟಿ ಇಲ್ಲ. ಹತ್ತೇ ದಿನಕ್ಕೆ ಮೊಳಕೆ, ನವೆಂಬರಿಗೆ 8 ಅಡಿ. ಹಸ್ತದ ಹಾಗೆ ಬಿಡಿಸಿದ ತಾಮ್ರ ಬಣ್ಣದ ಎಲೆ. ಆ ವರ್ಷ ಮಳೆ ಕೈಕೊಟ್ಟರೂ ಇದು ಲೆಕ್ಕಕ್ಕೇ ಇಡಲಿಲ್ಲ. ದೀಪಾವಳಿಗೆ ಅಮ್ಮ ಪುನಃ ಜಗಲಿಯಲ್ಲಿ ಕೂತರು.

ನಾನು ಮಾಡಿದ ತಪ್ಪು

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ. ಕೆಲಸಕ್ಕೆ ಬರುವಾಕೆಯ ನಾಲ್ಕು ವರ್ಷದ ಮಗ ಅಂಗಳದಲ್ಲಿ ಆಡುತ್ತಿದ್ದ. ಹರಳಿನ ಕಾಯಿ ಒಣಗಿದರೆ ಸಿಡಿದು ಬೀಜ ಚೆಲ್ಲುತ್ತದೆ. ಮಿರಿಮಿರಿ ಮಿಂಚುವ ಚುಕ್ಕಿ ಬೀಜ, ಮಕ್ಕಳ ಕಣ್ಣಿಗೆ ಮಣಿಯ ಹಾಗೆ. ಅವನ ಮುಷ್ಟಿಯಲ್ಲಿ ಐದಾರು ಇತ್ತು, ಬಾಯಿಯಲ್ಲಿ ಒಂದು.

ಹರಳೆಣ್ಣೆ ಔಷಧವಾದರೂ ಬೀಜದಲ್ಲಿ ರಿಸಿನ್ ಎಂಬ ಕಡುವಿಷ ಇದೆ. ಎಣ್ಣೆ ತೆಗೆಯುವಾಗ ಅದು ಹಿಂಡಿಯಲ್ಲಿ ಉಳಿಯುತ್ತದೆ. ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಗೊತ್ತಿದ್ದೂ ಗೊನೆ ಕತ್ತರಿಸದೆ ಬಿಟ್ಟವ ನಾನು. ಬಾಯಿಯಿಂದ ತೆಗೆಸಿ, ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಎಷ್ಟು ನುಂಗಿದ್ದಾನೆಂದು ಕೇಳಿದರೆ ಯಾರಿಗೂ ಉತ್ತರವಿಲ್ಲ. ಎರಡು ದಿನ ಅಲ್ಲೇ ಇಟ್ಟುಕೊಂಡು ನೋಡಿದರು. ದೇವರು ದೊಡ್ಡವ, ಏನೂ ಆಗಲಿಲ್ಲ. ಆ ಎರಡು ರಾತ್ರಿ ವಾರ್ಡಿನ ಹೊರಗೆ ಬೆಂಚಿನಲ್ಲಿ ಕೂತವನಿಗೆ ಹುಡುಗನ ತಾಯಿಯ ಮುಖ ನೋಡುವ ಧೈರ್ಯ ಬರಲಿಲ್ಲ.

ಮನೆಗೆ ಬಂದವನೇ ಹನ್ನೊಂದು ಗಿಡವನ್ನೂ ಬುಡಸಹಿತ ಕಿತ್ತೆ. ಬೀಜ ಒಂದೊಂದೇ ಹೆಕ್ಕಿದೆ. ಬಾಲ್ಕನಿಗಳು ಪುನಃ ಕಂಡವು. ಅಮ್ಮ ಅಂದದ್ದು ಇಷ್ಟೇ: "ನೋಡೋರು ನೋಡ್ಲಿ ಬಿಡಪ್ಪ, ಮಗು ಉಳೀತಲ್ಲ."

2024ರ ಬೇಸಿಗೆ

ಮುಂದೆ ಬಂದದ್ದು ಬೆಂಗಳೂರು ಮರೆಯದ ಬೇಸಿಗೆ. ಬೋರ್‌ವೆಲ್‌ಗಳು ಬತ್ತಿದವು. ಮಾರ್ಚಿನಲ್ಲಿ ಜಲಮಂಡಳಿ, ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂ. ದಂಡ ಎಂದಿತು. ಎಪ್ರಿಲ್ 28ಕ್ಕೆ ಉಷ್ಣತೆ 38.5 ಡಿಗ್ರಿ. ನಮಗೆ ಸಿಕ್ಕಿದ್ದು ಅಕ್ಕಿ, ತರಕಾರಿ ತೊಳೆದ ನೀರು ದಿನಕ್ಕೆ ಎರಡು ಕೊಡಪಾನ. ಅದನ್ನು ಪಪ್ಪಾಯಿಗೆ ಮಾತ್ರ ಕೊಟ್ಟು, ಬುಡಕ್ಕೆ ಅರ್ಧ ಅಡಿ ತರಗೆಲೆ ಮುಚ್ಚಿದೆ. ಐದರಲ್ಲಿ ಎರಡು ಸತ್ತವು. ಮೂರು ಎಲೆ ಉದುರಿಸಿ ಜೀವ ಹಿಡಿದವು. ಕಾಬಾಳೆ ಮೇಲೆ ಪೂರಾ ಒಣಗಿತು. ಕಲ್ಲುಬಾಳೆಯೂ ಎಲೆ ಬಿಟ್ಟಿತು. ಅದಕ್ಕದು ಹುಟ್ಟುಗುಣ; ಘಟ್ಟದಲ್ಲೂ ಬೇಸಿಗೆಯಲ್ಲಿ ಹಾಗೇ ಮಲಗುತ್ತದೆ.

ಮೇ ಮೊದಲ ವಾರ ಮಳೆ ಬಂತು. ಹತ್ತು ದಿನದಲ್ಲಿ ಕಾಬಾಳೆ ಗೆಡ್ಡೆಯಿಂದ ಚೂಪು ಮೊಳಕೆಗಳು ಮೇಲೆ ಬಂದವು. ಏಳು ಕಲ್ಲುಬಾಳೆಯಲ್ಲಿ ಆರು ಎದ್ದವು. ಈಗ ಅವು ಆಳೆತ್ತರ ದಾಟಿವೆ. ಬೇಸಿಗೆಯ ಮೂರು ತಿಂಗಳು ಪರದೆ ತೆಳು. ಅದಕ್ಕೆ ಪಪ್ಪಾಯಿಯೇ ಆಧಾರ.

ಮಾಡುವವರಿಗೆ ನಾಲ್ಕು ಮಾತು

ಒಂದೇ ಜಾತಿಯನ್ನು ನಂಬಬೇಡಿ. ಬೇಗ ಬರುವುದು, ನಿಧಾನ ಬರುವುದು ಎರಡನ್ನೂ ಒಟ್ಟಿಗೆ ಬಿತ್ತಿ. ಮೇಯಲ್ಲೇ ತೊಟ್ಟೆಗೆ ಹಾಕಿದರೆ ಮಳೆಗಾಲ ಪೂರ್ತಿ ಸಿಗುತ್ತದೆ. ಮಕ್ಕಳು, ನಾಯಿ, ದನ ಓಡಾಡುವಲ್ಲಿ ಹರಳು ಖಂಡಿತ ಬೇಡ. ಬೇರೆಡೆ ಹಾಕಿದರೂ ಹೂಗೊಂಚಲನ್ನು ಆಗಾಗ ಚಿವುಟಿ. ಕಾಡಿನಿಂದ ಕಲ್ಲುಬಾಳೆಯ ಗಿಡ ಕೀಳಬೇಡಿ, ಉದುರಿದ ಬೀಜ ಸಾಕು.

ಕಲ್ಲುಬಾಳೆ ಜೀವಮಾನದಲ್ಲಿ ಒಮ್ಮೆ ಮಾತ್ರ ಹೂ ಬಿಟ್ಟು, ಕಾಯಾಗಿ ಸಾಯುತ್ತದೆ. ಅದಕ್ಕೆ ಇನ್ನೂ ಹಲವು ವರ್ಷ ಬೇಕು. ಅಮ್ಮನಿಗೆ ಇದನ್ನು ಹೇಳಿದೆ. ಮನೆ ಮಾರುವ ಮಾತು ಅವರು ಈಚೆಗೆ ಎತ್ತಿಲ್ಲ. ಮೊನ್ನೆ ಪಕ್ಕದ ಅಪಾರ್ಟ್‌ಮೆಂಟಿನವರೊಬ್ಬರು ಬಾಲ್ಕನಿಯಿಂದಲೇ ಬೀಜ ಕೇಳಿದರಂತೆ. ಅಮ್ಮ ಕಾಬಾಳೆ ಬೀಜ ಪೊಟ್ಟಣ ಕಟ್ಟಿ ಕೊಟ್ಟರು. ಜತೆಗೆ ಒಂದು ಚೂರು ಉಪ್ಪುಕಾಗದ.