ಕಣ್ಣಿನ ತಕ್ಕಡಿ

ಪ್ರಾಣಿಯೊಂದನ್ನು ನೋಡಿ ‘ಚೆನ್ನಾಗಿದೆ’ ಎನ್ನುವುದಕ್ಕೂ, ಹತ್ತು ಪ್ರಾಣಿಗಳನ್ನು ಸಾಲಾಗಿ ನಿಲ್ಲಿಸಿ ‘ಇದು ಮೊದಲನೆಯದು, ಇದು ಎರಡನೆಯದು’ ಎಂದು ತೀರ್ಪು ಕೊಡುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ಮೆಚ್ಚಿಕೆ, ಅದಕ್ಕೆ ಕಾರಣ ಹೇಳಬೇಕಾಗಿಲ್ಲ. ಎರಡನೆಯದು ನ್ಯಾಯ, ಕಾರಣವಿಲ್ಲದೆ ಅದು ನಿಲ್ಲದು. ದನಗಳ ಪ್ರದರ್ಶನದಲ್ಲಾಗಲಿ, ಹಕ್ಕಿಗಳ ಸ್ಪರ್ಧೆಯಲ್ಲಾಗಲಿ ತೀರ್ಪುಗಾರನು ಮಾಡುವ ಕೆಲಸವೇನು, ಅದರಿಂದ ಆಗುವ ಒಳಿತು ಕೆಡುಕುಗಳೇನು ಎಂಬುದನ್ನು ಈ ಹೊತ್ತು ಕೊಂಚ ವಿಚಾರಿಸೋಣ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಇಂದಿನ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ ಅಲ್ಲಿಂದ ಆಳಿದ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ‘ವಿಂಶತಿ’ಗಳುಳ್ಳ ಆ ಗ್ರಂಥದ ವಿನೋದಭಾಗದಲ್ಲಿ ಆನೆ ಕುದುರೆಗಳ ಜೊತೆಗೆ ಕೋಳಿ, ಲಾವುಗೆ, ಪಾರಿವಾಳ, ಡೇಗೆ, ಟಗರು, ಕೋಣಗಳಿಗೂ ಎಡೆ ದೊರೆತಿದೆ. ಆದರೆ ಅರಸನು ಪ್ರಾಣಿಯ ಲಕ್ಷಣ ನೋಡಿದ್ದು ವಿನೋದಕ್ಕಾಗಿ. ರೈತನು ನೋಡಿದ್ದು ಬದುಕಿಗಾಗಿ.

ಬಸವಕಲ್ಯಾಣ, ಹುಮನಾಬಾದ್ ಸೀಮೆಯ ರೈತನ ಕಣ್ಣು ಪಳಗಿರುವುದು ದೇವಣಿ ದನಗಳ ಮೇಲೆ. ಲಾತೂರು ಜಿಲ್ಲೆಯ ದೇವಣಿ ಊರಿನ ಹೆಸರನ್ನು ಹೊತ್ತ ಈ ತಳಿಯು ಗಡಿಯಾಚೆಗೆ ಲಾತೂರು, ನಾಂದೇಡ, ಪರಭಣಿಗಳಲ್ಲಿಯೂ ಈಚೆಗೆ ಬೀದರ ಜಿಲ್ಲೆಯಲ್ಲಿಯೂ ಹರಡಿದೆ. ಗೀರ್ ಮತ್ತು ಡಾಂಗಿ ತಳಿಗಳ ರಕ್ತವು ಸ್ಥಳೀಯ ದನಗಳಲ್ಲಿ ಬೆರೆತು ಇದು ರೂಪುಗೊಂಡಿತೆಂದು ತಜ್ಞರ ಅಭಿಪ್ರಾಯ. ಬಣ್ಣದಲ್ಲಿ ಮೂರು ಬಗೆ. ಮೈಯೆಲ್ಲ ಬಿಳುಪಾಗಿ ಮುಖ ಮಾತ್ರ ಮುಸುವನ ಹಾಗೆ ಕಪ್ಪಾಗಿದ್ದರೆ ವಾನೇರಾ. ಬಿಳಿಯ ಮೈಮೇಲೆ ಕ್ರಮವಿಲ್ಲದ ಕಪ್ಪು ಮಚ್ಚೆಗಳು ಹರಡಿದ್ದರೆ ಶೇವರಾ. ಬಿಳಿಯ ಮೈಗೆ ಕೆಳಭಾಗದಲ್ಲಷ್ಟೆ ಕಪ್ಪು ಚುಕ್ಕೆಗಳಿದ್ದರೆ ಬಾಲಂಕ್ಯಾ. ಈ ತಳಿಯ ಮೇಲೆ ನಮ್ಮ ರೈತನು ಎರಡು ಹೊಣೆಗಳನ್ನು ಹೊರಿಸಿದ್ದಾನೆ. ಎತ್ತು ಎರೆಹೊಲದಲ್ಲಿಯೂ ಮಸಾರಿಯಲ್ಲಿಯೂ ಹೆಗಲು ಕೊಡಬೇಕು. ಆಕಳು ಮನೆಯ ಮಕ್ಕಳಿಗೆ ಹಾಲು ಕೊಡಬೇಕು. ಒಂದು ಸೂಲಿನಲ್ಲಿ ಸರಾಸರಿ 870 ಕಿಲೋದಷ್ಟು ಹಾಲು ಈ ಆಕಳಿನದು.

ಇಂಥ ದನಗಳ ಸಾಲಿನ ಮುಂದೆ ನಿಂತ ತೀರ್ಪುಗಾರನು ಮೊದಲು ಹತ್ತಿರ ಹೋಗುವುದಿಲ್ಲ. ಹತ್ತು ಹೆಜ್ಜೆ ದೂರದಿಂದ ಒಟ್ಟು ಆಕಾರವನ್ನು ನೋಡುತ್ತಾನೆ: ಬೆನ್ನಿನ ನೇರ, ಎದೆಯ ಆಳ, ಹಿಣಿಲು, ಗಂಗೆದೊಗಲು. ಬಳಿಕ ಪ್ರಾಣಿಯನ್ನು ನಡೆಸಿ ನೋಡುತ್ತಾನೆ. ನಿಂತಾಗ ಮರೆಯಾಗಿದ್ದ ದೋಷ ನಡೆದಾಗ ಬಯಲಾಗುತ್ತದೆ. ಹಿಂಗಾಲಿನ ಕೀಲು ಒಂದಕ್ಕೊಂದು ತಾಗುವ ಎತ್ತು ಎಷ್ಟು ಚೆಲುವಾಗಿದ್ದರೂ ಗಳೇವಿಗೆ ಬಾರದು. ಆಮೇಲೆ ತಲೆ. ತುಸು ಉಬ್ಬಿದ ಹಣೆ, ಜೋಲುವ ಉದ್ದ ಕಿವಿ, ಹೊರಕ್ಕೂ ಮೇಲಕ್ಕೂ ಬಾಗಿದ ನಡುತರದ ಕೋಡು, ಇವು ತಳಿಯ ಗುರುತುಗಳು. ಕೊನೆಗೆ ಕೈಯ ಕೆಲಸ: ತೊಗಲು ಸಡಿಲವಾಗಿದೆಯೆ, ಗೊರಸು ಗಟ್ಟಿಯಾಗಿದೆಯೆ, ಕೆಚ್ಚಲು ಮೆತ್ತಗಿದೆಯೆ ಎಂದು ಮುಟ್ಟಿ ತಿಳಿಯಬೇಕು. ವಯಸ್ಸನ್ನು ಒಡೆಯನ ಬಾಯಿಂದಲ್ಲ, ದನದ ಬಾಯಿಂದಲೇ ಕೇಳಬೇಕು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ಎಣಿಸುತ್ತ ಹೋದರೆ ಎಂಟಕ್ಕೆ ಬಾಯಿಗೂಡುತ್ತದೆ.

ತೀರ್ಪುಗಾರನ ಕಣ್ಣಿಗೆ ಮಂಕುಬೂದಿ ಎರಚುವ ಉಪಾಯಗಳೂ ಇವೆ. ಕೋಡಿಗೆ ಎಣ್ಣೆ, ಬಣ್ಣ, ಕೋಡಣಸು, ಬೆನ್ನಿನ ಮೇಲೆ ಜೂಲು, ಇವು ಜಾತ್ರೆಯ ಸಂಭ್ರಮಕ್ಕೆ ಒಪ್ಪುತ್ತವೆ. ತೀರ್ಪಿನ ಹೊತ್ತಿಗೆ ಜೂಲನ್ನು ತೆಗೆಸಲೇಬೇಕು. ಕೆಚ್ಚಲು ತುಂಬಿ ಕಾಣಲೆಂದು ಹೊತ್ತಿಗೆ ಸರಿಯಾಗಿ ಹಾಲು ಕರೆಯದೆ ಬಿಡುವವರುಂಟು. ಅದು ಮೋಸವಷ್ಟೇ ಅಲ್ಲ, ಆ ಮೂಕಪ್ರಾಣಿಗೆ ಹಿಂಸೆಯೂ ಹೌದು. ಆದುದರಿಂದಲೇ ಹಾಲಿನ ಸ್ಪರ್ಧೆಗಳಲ್ಲಿ ಮೊದಲೊಂದು ಹೊತ್ತು ಎಲ್ಲರ ಎದುರಿಗೆ ಪೂರ್ತಿಯಾಗಿ ಕರೆಸಿ, ಅನಂತರದ ಹೊತ್ತುಗಳ ಹಾಲನ್ನು ಮಾತ್ರ ತೂಗುತ್ತಾರೆ.

ಇನ್ನು ಸುಳಿಯ ಮಾತು. ಮೈಮೇಲಿನ ಕೂದಲು ತಿರುಗಿದ ಜಾಗವನ್ನು ನೋಡಿ ಶುಭಾಶುಭ ಹೇಳುವ ರೂಢಿ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ‘ಕೆಟ್ಟ ಸುಳಿ’ಯ ಒಂದು ಆಕಳು ಎಷ್ಟೇ ಹಾಲು ಕೊಡಲಿ, ಸಂತೆಯಲ್ಲಿ ಅದರ ಬೆಲೆ ಇಳಿಯುತ್ತದೆ, ಬಡವನ ಮನೆಯ ದನವಾದರೆ ಆ ನಷ್ಟ ಸಣ್ಣದಲ್ಲ. ಸುಳಿಗೂ ಹಾಲಿಗೂ, ಸುಳಿಗೂ ದುಡಿಮೆಗೂ ಸಂಬಂಧವಿದೆಯೆಂಬುದಕ್ಕೆ ಆಧಾರವಿಲ್ಲ. ತಿಳಿದ ತೀರ್ಪುಗಾರನು ಅದಕ್ಕೆ ಅಂಕ ಕೊಡುವುದೂ ಇಲ್ಲ, ಕಳೆಯುವುದೂ ಇಲ್ಲ. ಅವನು ಸುಮ್ಮನೆ ಮಾಡುವ ಈ ಒಂದು ಕೆಲಸವೇ ಹತ್ತು ಉಪದೇಶಕ್ಕೆ ಸಮ.

ಕೇವಲ ಅಂದವನ್ನೇ ತೂಗುತ್ತ ಹೋದರೆ ಏನಾದೀತೆಂಬುದಕ್ಕೆ ಒಂದು ಪುಟ್ಟ ಹಕ್ಕಿಯ ಕಥೆ ಕೇಳಿ. ನಮ್ಮ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಎಂದು ತಪ್ಪು ಹೆಸರಿನಿಂದ ಮಾರಾಟವಾಗುವ ಹಕ್ಕಿ ಬಡ್ಜರಿಗಾರ್. ಇದು ಆಸ್ಟ್ರೇಲಿಯದ ಬಯಲಿನ ಹಸಿರು ಗಿಳಿ. 1840ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಇದನ್ನು ಇಂಗ್ಲೆಂಡಿಗೆ ಒಯ್ದನು. 1925ರಲ್ಲಿ ಅಲ್ಲಿ ಇದಕ್ಕಾಗಿಯೇ ಒಂದು ಸಂಘ ಹುಟ್ಟಿ, ಆದರ್ಶ ಹಕ್ಕಿ ಹೇಗಿರಬೇಕೆಂದು ಗೊತ್ತುಪಡಿಸಿತು. ನೆತ್ತಿಯಿಂದ ಬಾಲದ ತುದಿಗೆ 216 ಮಿಲಿಮೀಟರ್ ಉದ್ದ, ಕೊರಳಿನಲ್ಲಿ ಒಪ್ಪವಾದ ಆರು ದುಂಡು ಚುಕ್ಕೆ, ಕೋಲಿನ ಮೇಲೆ ಧೀರವಾದ ನಿಲುವು. ಎಲ್ಲ ಹಕ್ಕಿಗಳನ್ನೂ ಒಂದೇ ಅಳತೆಯ, ಒಂದೇ ಬಣ್ಣದ ಪಂಜರಗಳಲ್ಲಿ ಇರಿಸುತ್ತಾರೆ. ಪಂಜರದ ಮೇಲೆ ಒಡೆಯನ ಹೆಸರಿಲ್ಲ. ನಿಷ್ಪಕ್ಷಪಾತಕ್ಕೆ ಇದು ಒಳ್ಳೆಯ ಮಾದರಿ.

ಆದರೆ ದೊಡ್ಡ ತಲೆಗೂ ತುಂಬುಗರಿಗೂ ಬಹುಮಾನ ಬರತೊಡಗಿದಂತೆ ಸಾಕುವವರು ಅಂಥವನ್ನೇ ಆರಿಸಿ ಆರಿಸಿ ಜೋಡಿಗೂಡಿಸಿದರು. ಕಾಡಿನಲ್ಲಿ ಸುಮಾರು ಮೂವತ್ತು ಗ್ರಾಂ ತೂಗುವ ಹಕ್ಕಿಯು ಪ್ರದರ್ಶನದ ಪಂಜರದಲ್ಲಿ ಅದರ ಒಂದೂವರೆ ಪಾಲಿಗೂ ಮಿಕ್ಕಿ ಬೆಳೆಯಿತು. ಕೆಲವಕ್ಕೆ ಹಣೆಯ ಗರಿಗಳೇ ಕಣ್ಣನ್ನು ಮರೆಮಾಡುವಂತಾಯಿತು. ಇದು ಹಕ್ಕಿಯ ತಪ್ಪಲ್ಲ. ತೀರ್ಪಿನ ತಕ್ಕಡಿ ಒಂದೇ ಕಡೆಗೆ ವಾಲಿದುದರ ಫಲ.

ನಮ್ಮ ದನಗಳಿಗೂ ಈ ಎಚ್ಚರಿಕೆ ಸಲ್ಲುತ್ತದೆ. ಬಹುಮಾನ ಪಡೆದ ಹೋರಿಯ ಬಳಿಗೆ ಊರೂರಿನ ಆಕಳುಗಳು ಬರುತ್ತವೆ. ಅಂದಮೇಲೆ ತೀರ್ಪುಗಾರನು ಇಂದಿನ ದನವನ್ನು ಮಾತ್ರ ಆರಿಸುವುದಿಲ್ಲ, ಮುಂದೆ ಹುಟ್ಟುವ ಕರುಗಳನ್ನೂ ಆರಿಸುತ್ತಾನೆ. ಟ್ರ್ಯಾಕ್ಟರು ಎತ್ತಿನ ಕೆಲಸವನ್ನೂ, ಮಿಶ್ರತಳಿಯ ಹಸು ಹಾಲಿನ ಕೆಲಸವನ್ನೂ ಕಸಿದುಕೊಳ್ಳುತ್ತಿರುವ ಈ ದಿನಗಳಲ್ಲಿ ದೇವಣಿಯು ಉಳಿಯಬೇಕಾದರೆ ಅದು ಬರಿಯ ಮೆರವಣಿಗೆಯ ದನವಾಗಬಾರದು. ಹೋರಿಯ ಹಿಣಿಲಿನ ಎತ್ತರದೊಡನೆ ಅದರ ತಾಯಿಯ ಹಾಲಿನ ಲೆಕ್ಕವೂ ತೀರ್ಪುಗಾರನ ಕೈಯಲ್ಲಿರಬೇಕು. ಆಕಳಿನ ಮುಖದ ಕಪ್ಪಿನೊಡನೆ ಅದು ಎಷ್ಟು ಸಲ ಈದಿದೆ, ಎಷ್ಟು ಕರು ಬದುಕಿವೆ ಎಂಬುದೂ ತಿಳಿದಿರಬೇಕು. 2004ರ ಕಾಯಿದೆಯಿಂದ ರೂಪುಗೊಂಡ ಪಶುವೈದ್ಯ ವಿಶ್ವವಿದ್ಯಾಲಯದ ಕೇಂದ್ರಸ್ಥಾನವೇ ಬೀದರಿನಲ್ಲಿರುವಾಗ ಇಂಥ ಲೆಕ್ಕ ಇಡುವುದು ಈ ಸೀಮೆಗೆ ಅಸಾಧ್ಯವೇನಲ್ಲ.

ಕಾಯಕದ ಹಿರಿಮೆಯನ್ನು ಸಾರಿದ ನೆಲ ಕಲ್ಯಾಣ. ಅಲ್ಲಿಯ ಅಂಗಳದಲ್ಲಿ ಪ್ರಾಣಿಯ ಚೆಲುವನ್ನು ಅದರ ಕಾಯಕದಿಂದ ಬೇರ್ಪಡಿಸದೆ ನೋಡುವುದೇ ಸರಿಯಾದ ತೀರ್ಪು.